ಬಾಗಿಲ ಮೇಲಿನ ಅಂಕಿ, ತಟ್ಟೆ ಮೇಲಿನ ಹಬೆ

ಅಮ್ಮ ದಾವಣಗೆರೆಯಿಂದ ಮೊದಲ ಸಲ ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಕಾರ್ಡಿಫ್‌ಗೆ ಬಂದಾಗ ಅಂಗಡಿಯ ಫ್ರಿಜ್‌ನಲ್ಲಿದ್ದ ಸ್ಯಾಂಡ್‌ವಿಚ್ ಮುಟ್ಟಲೇ ಇಲ್ಲ. "ತಣ್ಣಗೈತಲ್ಲೋ, ಯಾವತ್ತು ಮಾಡಿದ್ದೋ ಏನೋ" ಅಂದರು. ಅದೇ ಸಂಜೆ ಒಂದು ಫ್ರೈಡ್ ಚಿಕನ್ ಅಂಗಡಿ ಮುಂದೆ ನಿಂತರು. ಒಳಗೆ ಎಣ್ಣೆ ಕುದಿಯುತ್ತಿತ್ತು, ಜನ ತುಂಬಿದ್ದರು. "ಮೊಮ್ಮಗಳಿಗೆ ಇಲ್ಲೇ ಕೊಡಿಸೋ, ಕಣ್ಣ ಮುಂದೆನೇ ಕರೀತಾರೆ ನೋಡು" ಅಂದರು. ನಾನು ಬಾಗಿಲ ಮೇಲಿನ ಸ್ಟಿಕ್ಕರ್ ನೋಡಿದೆ. 2 ಅಂತ ಇತ್ತು. ಮುಂದಿನ ಅಂಗಡಿಗೆ ಹೋದೆವು. ಬಿಸಿ ಬಿಸಿ ಚಿಕನ್ ಬಿಟ್ಟು ಒಂದು ಅಂಕಿ ನೋಡಿ ಬಂದಿದ್ದು ಅಮ್ಮನಿಗೆ ಅರ್ಥವೇ ಆಗಲಿಲ್ಲ.

ಊಟ ಒಳ್ಳೆಯದಾ ಕೆಟ್ಟದ್ದಾ ಅಂತ ನೋಡೋಕೆ ಅಮ್ಮನ ಲೆಕ್ಕ ಮೂರು: ಬಿಸಿ ಇರಬೇಕು, ಜನ ಇರಬೇಕು, ಮಾಡೋದು ಕಾಣಬೇಕು. ನಾನೂ ಇದೇ ಲೆಕ್ಕದಲ್ಲಿ ಬೆಳೆದವನು. ಇದು ತಪ್ಪು ಲೆಕ್ಕ ಅಲ್ಲ. ಜನ ಜಾಸ್ತಿ ಬರುವ ಹೋಟೆಲ್‌ನಲ್ಲಿ ಹಿಟ್ಟು ನಿಲ್ಲುವುದಿಲ್ಲ, ಪಲ್ಯ ಉಳಿಯುವುದಿಲ್ಲ. ಹೆಂಚಿನಿಂದ ನೇರ ತಟ್ಟೆಗೆ ಬಂದ ದೋಸೆಯಿಂದ ಹೊಟ್ಟೆ ಕೆಡುವುದು ಅಪರೂಪ.

ಇಲ್ಲಿನವರ ಲೆಕ್ಕ ಬೇರೆ. ಅದರ ಹಿಂದೆ ದೊಡ್ಡ ನೋವಿದೆ. 2005ರಲ್ಲಿ ಸೌತ್ ವೇಲ್ಸ್‌ನ ಶಾಲೆಗಳ ಊಟಕ್ಕೆ ಹೋದ ಬೇಯಿಸಿದ ಮಾಂಸದಲ್ಲಿ ಇ. ಕೋಲಿ ಅನ್ನೋ ಸೂಕ್ಷ್ಮಾಣು ಸೇರಿಕೊಂಡಿತ್ತು. 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಅದರಲ್ಲಿ ಮಕ್ಕಳೇ ಜಾಸ್ತಿ. ಐದು ವರ್ಷದ ಒಬ್ಬ ಹುಡುಗ ತೀರಿಕೊಂಡ. ಪ್ರೊಫೆಸರ್ ಹ್ಯೂ ಪೆನ್ನಿಂಗ್ಟನ್ ವಿಚಾರಣೆ ನಡೆಸಿ 2009ರಲ್ಲಿ ವರದಿ ಕೊಟ್ಟರು. ಮಾಂಸ ಒದಗಿಸಿದವನು ಹಸಿ ಮಾಂಸಕ್ಕೂ ಬೇಯಿಸಿದ ಮಾಂಸಕ್ಕೂ ಪ್ಯಾಕ್ ಮಾಡಲು ಒಂದೇ ಮೆಷಿನ್ ಬಳಸುತ್ತಿದ್ದ. ತಿನ್ನುವ ಮಗುವಿಗೆ ಇದು ಹೇಗೆ ಕಾಣಬೇಕು? ವಾಸನೆ ಇಲ್ಲ, ರುಚಿ ಕೆಟ್ಟಿಲ್ಲ.

2013ರ ನವೆಂಬರ್‌ನಿಂದ ವೇಲ್ಸ್‌ನಲ್ಲಿ ತಿಂಡಿ ಮಾರುವ ಪ್ರತಿ ಅಂಗಡಿಯೂ ಶುಚಿತ್ವದ ತಪಾಸಣೆಯಲ್ಲಿ ತನಗೆ ಬಂದ ಅಂಕಿಯನ್ನು ಬಾಗಿಲಲ್ಲಿ ಅಂಟಿಸಲೇಬೇಕು. 0 ಅಂದರೆ ತಕ್ಷಣ ಸರಿಪಡಿಸಬೇಕು, 5 ಅಂದರೆ ತುಂಬಾ ಚೆನ್ನಾಗಿದೆ. ಅಂಟಿಸದಿದ್ದರೆ 200 ಪೌಂಡ್ ದಂಡ. ಫೋನ್ ಮಾಡಿ ಕೇಳಿದರೂ ಹೇಳಬೇಕು. ಸ್ಟಿಕ್ಕರ್‌ನಲ್ಲಿ ವೆಲ್ಶ್ ಭಾಷೆಯೂ ಇದೆ. ಅದನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಕನ್ನಡದವನಲ್ವಾ. ಪಕ್ಕದ ಇಂಗ್ಲೆಂಡಿನಲ್ಲಿ ಅಂಟಿಸುವುದು ಅವರವರ ಇಷ್ಟ. ಹಾಗಾಗಿ 5 ಬಂದವರು ಅಂಟಿಸುತ್ತಾರೆ, 1 ಬಂದವರು ಸುಮ್ನೆ ಇರುತ್ತಾರೆ.

ಹಾಗಂತ ಇಲ್ಲಿನ ಗಿರಾಕಿಗಳು ಎಲ್ಲ ತಿಳಿದವರೇನಲ್ಲ. 5 ಅಂದರೆ ರುಚಿಗೆ ಕೊಟ್ಟ ಅಂಕ ಅಂದುಕೊಂಡವರನ್ನು ನೋಡಿದ್ದೇನೆ. ಅದು ಅಧಿಕಾರಿ ಬಂದ ದಿನದ ಶುಚಿತ್ವ, ಕಟ್ಟಡದ ಸ್ಥಿತಿ, ನಡೆಸುವವರ ಶಿಸ್ತು ನೋಡಿ ಕೊಡುವ ಅಂಕಿ. ಇನ್ನು ಗ್ಲೌಸ್ ಕಂಡರೆ ಎಲ್ಲರಿಗೂ ಸಮಾಧಾನ. ಒಂದು ಕಬಾಬ್ ಅಂಗಡಿಯಲ್ಲಿ ನೀಲಿ ಗ್ಲೌಸ್ ಹಾಕಿದ ಹುಡುಗ ಹಸಿ ಮಾಂಸದ ಟ್ರೇ ಎತ್ತಿಟ್ಟ, ಚಿಲ್ಲರೆ ಎಣಿಸಿದ, ಅದೇ ಕೈಯಲ್ಲಿ ಸಲಾಡ್ ಹಾಕಿದ. ಸಾಲಿನಲ್ಲಿದ್ದ ಯಾರೂ ಏನೂ ಅನ್ನಲಿಲ್ಲ. ಗ್ಲೌಸ್ ಇತ್ತಲ್ಲ! ಬರಿಗೈ ಆಗಿದ್ದರೆ ಅವನು ನಡುವೆ ಒಂದು ಸಲ ಕೈ ತೊಳೆಯುತ್ತಿದ್ದನೇನೋ.

ದೊಡ್ಡ ಬ್ರಾಂಡ್ ಅಂದರೆ ಭಯ ಇಲ್ಲ ಅನ್ನುವವರು ಇಲ್ಲೂ ಇದ್ದಾರೆ, ನಮ್ಮೂರಲ್ಲೂ ಇದ್ದಾರೆ. 2024ರಲ್ಲಿ ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಬರ್ಗರ್ ತಿಂದು ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಒಬ್ಬರು ತೀರಿಕೊಂಡರು. ತನಿಖೆ ಬೊಟ್ಟು ಮಾಡಿದ್ದು ಮಾಂಸದ ಕಡೆ ಅಲ್ಲ, ಮೇಲೆ ಹಾಕಿದ ಹಸಿ ಈರುಳ್ಳಿ ಹೋಳಿನ ಕಡೆ.

ನಿಜವಾಗಿ ನೋಡಬೇಕಾದ್ದು ಎರಡು ಅಂಕಿ. ಇಲ್ಲಿನ ನಿಯಮದ ಪ್ರಕಾರ ಬಿಸಿಯಾಗಿಡುವ ಊಟ 63 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ತಣ್ಣಗಿಡುವುದು 8 ಡಿಗ್ರಿ ದಾಟಬಾರದು. ಅಮ್ಮನ ಬಿಸಿ ದೋಸೆಯೂ ಸರಿ, ಅವರು ಬೇಡ ಅಂದ ತಣ್ಣನೆ ಸ್ಯಾಂಡ್‌ವಿಚ್ಚೂ ಸರಿ. ಅಪಾಯ ಇರುವುದು ನಡುವಿನ ಉಗುರುಬೆಚ್ಚಗಿನ ಜಾಗದಲ್ಲಿ.

ಇದು ತಿಳಿದ ಮೇಲೆ ನಾನು ಊರಿನ ಗಾಡಿಗಳನ್ನು ಬೇರೆ ಕಣ್ಣಿಂದ ನೋಡುತ್ತೇನೆ. ನಮ್ಮಲ್ಲಿ 'ಫಾಸ್ಟ್ ಫುಡ್' ಅಂತ ಬೋರ್ಡ್ ಇದ್ದರೆ ಬರ್ಗರ್ ಅಲ್ಲ, ಗೋಬಿ ಮಂಚೂರಿ, ನೂಡಲ್ಸ್, ಎಗ್ ರೈಸ್. ಮಧ್ಯಾಹ್ನ ಅನ್ನ ಬಸಿದು ಟಬ್‌ಗೆ ಹಾಕಿರುತ್ತಾರೆ. ರಾತ್ರಿ ಒಂಬತ್ತಕ್ಕೆ ಅದನ್ನೇ ಬಾಣಲೆಗೆ ಹಾಕಿ, ಆಳೆತ್ತರದ ಉರಿಯಲ್ಲಿ ತಿರುವುತ್ತಾರೆ. ಉರಿ ನೋಡಿ ನಮಗೆ ಧೈರ್ಯ. ಆದರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಸೂಕ್ಷ್ಮಾಣು ಬೀಜದ ರೂಪದಲ್ಲಿ ಅನ್ನ ಬೆಂದರೂ ಬದುಕಿರುತ್ತದೆ. ಅನ್ನ ಬೆಚ್ಚಗಿರುವಾಗ ಬೆಳೆಯುತ್ತದೆ, ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ.

ಗೋಬಿಯದು ಇನ್ನೊಂದು ಕಥೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಬಣ್ಣ ಸಿಕ್ಕಿತ್ತು. ಆ ಬಣ್ಣ ಕೇಳಿದವರು ನಾವೇ. ಕೆಂಪಗಿಲ್ಲದ ಗೋಬಿ ಕೊಟ್ಟರೆ "ಏನಣ್ಣ, ಇಷ್ಟು ಸಪ್ಪೆ" ಅಂದವರಲ್ಲಿ ಕಾಲೇಜು ದಿನಗಳ ನಾನೂ ಒಬ್ಬ.

ನಮ್ಮ ಹೋಟೆಲ್‌ಗಳ ಗೋಡೆ ಮೇಲೆ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಅಡುಗೆಮನೆ ಇವತ್ತು ಹೇಗಿದೆ ಅಂತ ಅದು ಹೇಳುವುದಿಲ್ಲ. ಶುಚಿತ್ವಕ್ಕೆ ರೇಟಿಂಗ್ ಕೊಡುವ ಯೋಜನೆಯೂ ಅವರಲ್ಲಿದೆ. ಆದರೆ ಹೋಟೆಲಿನವರೇ ಮುಂದೆ ಬಂದು ಕೇಳಬೇಕು. ಇಂಗ್ಲೆಂಡಿನದೇ ಕಥೆ ಇದು, ಚೆನ್ನಾಗಿರುವವರು ಮಾತ್ರ ಬರುತ್ತಾರೆ. ನಮಗೆ ವೇಲ್ಸ್‌ನ ದಾರಿ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಕನ್ನಡದಲ್ಲಿ, ದೊಡ್ಡ ಅಂಕಿಯಲ್ಲಿ, ಬಾಗಿಲಲ್ಲೇ ಇರಬೇಕು. ಗಾಡಿಗೂ ಬೇಕು. ಗಾಡಿಗೆ ಅಂಕಿ ಕೊಡುವ ಮೊದಲು ಅದರ ಹತ್ತಿರ ಒಂದು ನಲ್ಲಿ ಹಾಕಿಸಿಕೊಡಬೇಕು. ಬಕೆಟ್ ನೀರಲ್ಲಿ ತಟ್ಟೆ ಅದ್ದುವವನಿಗೆ ಬೇರೆ ನೀರು ಎಲ್ಲಿದೆ?

ಹೋದ ಸಲ ಊರಿಗೆ ಹೋದಾಗ ನಮ್ಮ ಮನೆ ಹತ್ತಿರದ ಎಗ್ ರೈಸ್ ಗಾಡಿಯವರ ಜೊತೆ ಇದನ್ನೇ ಮಾತಾಡಿದೆ. ಅವರು ಅನ್ನವನ್ನು ಸಂಜೆ ಎರಡು ಸಲ, ಸ್ವಲ್ಪ ಸ್ವಲ್ಪವೇ ಮಾಡುತ್ತಾರೆ. ನಂಬರ್ ಹಾಕ್ತೀವಿ ಅಂತ ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ. ಬಾಣಲೆ ಒರೆಸುತ್ತಾ ಹೇಳಿದರು: "ಹಾಕ್ಲಿ ಸಾರ್, ನಂಗೇನು ಭಯ? ಆದ್ರೆ ನನ್ನೊಬ್ಬನ ಗಾಡಿಗಲ್ಲ. ಇಡೀ ಲೈನಿಗೆ ಹಾಕ್ಬೇಕು."