ನನಗೆ ಸ್ಟೀಲ್ ಲೋಟದಲ್ಲೇ ಕಾಫಿ ಕೊಡಿ

ಇವತ್ತು ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಹತ್ತಿರದ ದರ್ಶಿನಿಯಲ್ಲಿ ಕಾಫಿಗೆ ನಿಂತಿದ್ದೆ. ಹೋದ ವಾರದವರೆಗೂ ಅಲ್ಲಿ ಸ್ಟೀಲ್ ಲೋಟ ಇತ್ತು. ಇವತ್ತು ನೋಡಿದರೆ ಒಂದೂ ಇಲ್ಲ. ಫಿಲ್ಟರ್ ಪಕ್ಕ ಲೋಟ ಬೋರಲು ಹಾಕಿಡುತ್ತಿದ್ದ ಜಾಗದಲ್ಲಿ ಪೇಪರ್ ಕಪ್ಪಿನ ಉದ್ದುದ್ದ ಸಾಲು. ಕಪ್ಪಿನ ಮೇಲೆ ಒಂದು ಹಸಿರು ಎಲೆಯ ಚಿತ್ರ. ಕೆಳಗೆ ‘ಎಕೋ ಫ್ರೆಂಡ್ಲಿ’ ಅಂತ ಅಚ್ಚು ಬೇರೆ.

ನನ್ನ ಮುಂದೆ ಒಬ್ಬ ಹಿರಿಯರು ನಿಂತಿದ್ದರು. ಎಪ್ಪತ್ತೈದು ದಾಟಿರಬಹುದು, ಕೈ ಸ್ವಲ್ಪ ನಡುಗುತ್ತಿತ್ತು. "ಲೋಟದಲ್ಲಿ ಕೊಡಪ್ಪಾ, ಇದು ಹಿಡಿಯೋಕೆ ಆಗಲ್ಲ, ಸುಡತ್ತೆ" ಎಂದರು. ಕಾಫಿ ಹಾಕುವ ಹುಡುಗ ಪಾಪ ಮೆತ್ತಗೆ, "ಲೋಟ ಎಲ್ಲಾ ತೆಗೆದುಬಿಟ್ಟಿದ್ದಾರೆ ಸಾರ್. ಎರಡು ಕಪ್ ಹಾಕಿ ಕೊಡ್ತೀನಿ, ಸುಡಲ್ಲ" ಎಂದ. ಒಂದರೊಳಗೆ ಇನ್ನೊಂದು ಕಪ್ಪು ಇಟ್ಟು ಕೊಟ್ಟ. ಅರ್ಧ ಲೋಟದಷ್ಟೂ ಇಲ್ಲದ ಕಾಫಿಗೆ ಎರಡು ಕಪ್ಪು. ಅವರು ನಾಲ್ಕು ಗುಟುಕಿಗೆ ಮುಗಿಸಿದರು. ಎರಡೂ ಬುಟ್ಟಿಗೆ ಬಿದ್ದವು.

ಆ ಬುಟ್ಟಿ ಆಗಲೇ ತುಂಬಿ ತುಳುಕುತ್ತಿತ್ತು. ಅದರ ಪಕ್ಕ ಒಬ್ಬ ಪೌರಕಾರ್ಮಿಕ ಅಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಒಂದೊಂದೇ ಕಪ್ಪು ಎತ್ತಿ, ತಳದಲ್ಲಿ ಉಳಿದ ಕಾಫಿಯನ್ನು ಬಕೆಟ್‌ಗೆ ಬಗ್ಗಿಸಿ, ಕಪ್ಪನ್ನು ಚೀಲಕ್ಕೆ ಹಾಕುತ್ತಿದ್ದರು. ಕೈಗವಸು ಇರಲಿಲ್ಲ. ಹಾಲು, ಸಕ್ಕರೆ ಮೆತ್ತಿಕೊಂಡು ಬೆರಳೆಲ್ಲ ಅಂಟಂಟು. "ಯಾಕಕ್ಕಾ ಒಂದೊಂದೇ ಬಗ್ಗಿಸ್ತೀರಿ?" ಅಂತ ಕೇಳಿದೆ. "ಹಂಗೇ ಹಾಕಿದ್ರೆ ಚೀಲ ಸೋರತ್ತೆ ಅಣ್ಣಾ, ಗಾಡಿಯವರು ಬೈತಾರೆ" ಎಂದರು. ಮೊನ್ನೆವರೆಗೆ ಅವರಿಗೆ ಈ ಕೆಲಸವೇ ಇರಲಿಲ್ಲ. ಅಂಗಡಿಯ ಒಳಗೆ ಸಂಬಳ ತೆಗೆದುಕೊಂಡು ಒಬ್ಬರು ಲೋಟ ತೊಳೆಯುತ್ತಿದ್ದರು. ಈಗ ಅದೇ ಕೆಲಸ ಬೀದಿಗೆ ಬಂದು, ಇನ್ನೊಬ್ಬರ ಬರಿಗೈಗೆ ಬಿದ್ದಿದೆ. ಮಾಲೀಕರಿಗೆ ಒಂದು ಸಂಬಳ ಉಳಿಯಿತು. ಈ ಅಕ್ಕನಿಗೆ ಒಂದು ರೂಪಾಯಿಯೂ ಜಾಸ್ತಿ ಸಿಗಲಿಲ್ಲ.

ನಾನು ಕಾಫಿ ಕುಡಿಯದೇ ಮನೆಗೆ ಬಂದೆ. ಬೆಳಿಗ್ಗೆಯಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ. ಅದಕ್ಕೇ ಬರೆಯಲು ಕೂತೆ.

ನನ್ನ ಸಿಟ್ಟು ಮುಖ್ಯವಾಗಿ ಆ ಹಸಿರು ಎಲೆಯ ಮೇಲೆ. ಪೇಪರ್ ಕಪ್ಪು ಬರೀ ಕಾಗದ ಅಲ್ಲ ಸ್ವಾಮಿ. ಬರೀ ಕಾಗದ ಆಗಿದ್ದರೆ ಬಿಸಿ ಕಾಫಿ ಎರಡು ನಿಮಿಷಕ್ಕೆ ಸೋರಿ ಅಂಗಿ ಮೇಲೆ ಇರುತ್ತಿತ್ತು. ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಲೇಪನ ಇರುತ್ತದೆ. ನಂಬಿಕೆ ಇಲ್ಲದಿದ್ದರೆ ಇವತ್ತು ರಾತ್ರಿ ಒಂದು ಕಪ್ಪನ್ನು ನೀರಲ್ಲಿ ನೆನೆಹಾಕಿ. ನನ್ನದು ಕ್ಯಾಟರಿಂಗ್ ಕೆಲಸ, ನಮ್ಮ ಹುಡುಗರಿಗೆ ತೋರಿಸಲು ನಾನು ಹಾಗೇ ಮಾಡಿದ್ದೆ. ಬೆಳಿಗ್ಗೆ ಕಾಗದ ಮೆತ್ತಗಾಗಿ ಉಂಡೆ ಉಂಡೆಯಾಗಿ ಬಿಟ್ಟುಕೊಂಡಿತ್ತು. ಒಳಗಿಂದ ಹಾಲಿನ ಕೆನೆಯ ಹಾಗೆ ಒಂದು ಪದರ ಎದ್ದು ಬಂತು. ಎರಡು ಕೈಯಲ್ಲಿ ಹಿಡಿದು ಎಳೆದೆ, ಹಿಗ್ಗಿತೇ ಹೊರತು ಸುಲಭಕ್ಕೆ ಹರಿಯಲಿಲ್ಲ. ಅದು ಕೊಳೆಯುವುದಿಲ್ಲ. ಹಸಿಕಸಕ್ಕೆ ಹಾಕಿದರೆ ಗೊಬ್ಬರ ಕೆಡುತ್ತದೆ. ಒಣಕಸಕ್ಕೆ ಹಾಕಿದರೆ, ಕಾಫಿ ಮೆತ್ತಿದ ಕಪ್ಪನ್ನು ಯಾವ ರದ್ದಿಯವರು ಕಾಸು ಕೊಟ್ಟು ಕೊಳ್ಳುತ್ತಾರೆ?

ನಮ್ಮ ಹೊಟ್ಟೆಯ ಮಾತೂ ಇದೆ. 2020ರಲ್ಲಿ ಐಐಟಿ ಖರಗ್‌ಪುರದ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 100 ಮಿಲಿ ಬಿಸಿ ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ನೀರಿಗೆ ಬಿಡುತ್ತದಂತೆ. ಮಾತಾಡುತ್ತಾ ಕುಡಿದರೆ ನಮಗೂ ಅಷ್ಟು ಹೊತ್ತು ಹಿಡಿಯುತ್ತದೆ, ಅಲ್ವಾ?

ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಲೋಟ, ತಟ್ಟೆ, ಕವರ್ ನಿಷೇಧ ಆಯಿತು. 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ ಬಂತು. ಪ್ಲಾಸ್ಟಿಕ್ ಲೋಟ ಹೋಯಿತು ಅಂತ ನಾವು ಖುಷಿಪಟ್ಟೆವು. ಅದೇ ಜಾಗಕ್ಕೆ ಕಾಗದದ ಅಂಗಿ ತೊಟ್ಟ ಪ್ಲಾಸ್ಟಿಕ್ ಬಂದು ಕೂತಿತು. ಪಕ್ಕದ ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲೇ ಪ್ಲಾಸ್ಟಿಕ್ ಲೇಪನದ ಪೇಪರ್ ಕಪ್ಪನ್ನೂ ಸೇರಿಸಿದ್ದರು. ಇಲ್ಲಿ ಅದರ ಮೇಲೆ ಎಲೆಯ ಚಿತ್ರ ಹಾಕಿ ಮಾರುತ್ತಿದ್ದೇವೆ.

ನಮ್ಮಪ್ಪನ ಕಥೆ ನಿಮಗೆಲ್ಲ ಗೊತ್ತು. ಕುಂದಾಪುರದ ಕಡೆಯಿಂದ ಹನ್ನೆರಡನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಹೋಟೆಲ್ ಸೇರಿದವರು. ಮೊದಲ ಕೆಲಸವೇ ಲೋಟ ತೊಳೆಯುವುದು. ಅವರು ಹೇಳುತ್ತಿದ್ದ ಕ್ರಮ ನನಗೆ ಇವತ್ತಿಗೂ ಬಾಯಿಪಾಠ. ಮೊದಲು ಒಂದು ಹಂಡೆಯಲ್ಲಿ ಅದ್ದಿ ಜಿಡ್ಡು ತೆಗೆಯಬೇಕು. ಎರಡನೆಯದರಲ್ಲಿ ಉಜ್ಜಿ ತೊಳೆಯಬೇಕು. ಆಮೇಲೆ ಕುದಿಯುವ ನೀರಲ್ಲಿ ಮುಳುಗಿಸಿ, ಬೋರಲು ಹಾಕಬೇಕು. ಬಟ್ಟೆಯಲ್ಲಿ ಒರೆಸಿದರೆ ಮಾಲೀಕರು ಬೈಯುತ್ತಿದ್ದರಂತೆ. ಒರೆಸುವ ಬಟ್ಟೆಯೇ ಗಲೀಜು ಅಂತ. ಬಿಸಿನೀರಿಂದ ತೆಗೆದ ಲೋಟ ತಾನಾಗಿಯೇ ಒಣಗುತ್ತದೆ. ಮುಂದೆ ಅಪ್ಪ ಸಪ್ಲೈಯರ್ ಆದರು, ಗಲ್ಲಾದಲ್ಲೂ ಕೂತರು. ಆದರೂ ಲೋಟ ಕೈಗೆ ಬಂದರೆ ಮೊದಲು ಅಂಚಿನ ಮೇಲೆ ಬೆರಳು ಆಡಿಸಿ ನೋಡುತ್ತಿದ್ದರು. ಕೊನೆಗಾಲದಲ್ಲಿ ಒಮ್ಮೆ ಯಾವುದೋ ಅಂಗಡಿಯಲ್ಲಿ ಪೇಪರ್ ಕಪ್ಪು ಕೊಟ್ಟಾಗ ಊರ ಮಾತಲ್ಲೇ, "ಲೋಟ ತೊಳುಕೆ ಆತಿಲ್ಲ ಅಂದ್ರೆ ಹೋಟ್ಲ್ ಎಂತಕೆ ಮಾಡೂದ್?" ಎಂದಿದ್ದರು.

ಅದೇ ಪ್ರಶ್ನೆ ನನ್ನದೂ. ನಿಂತು ತಿನ್ನುವ ದರ್ಶಿನಿ ಈ ಊರಲ್ಲಿ ಶುರುವಾಗಿದ್ದು 1980ರ ದಶಕದಲ್ಲಿ. ಕಡಿಮೆ ಜಾಗ, ಕಡಿಮೆ ಜನ, ಕಡಿಮೆ ಬೆಲೆ. ಅಷ್ಟು ಕಡಿಮೆಯಲ್ಲೂ ಸ್ಟೀಲ್ ತಟ್ಟೆ, ಸ್ಟೀಲ್ ಲೋಟ ಇಟ್ಟುಕೊಂಡೇ ಇಷ್ಟು ವರ್ಷ ವ್ಯಾಪಾರ ನಡೆಯಿತು. ಲಾಭವೂ ಬಂತು. ಈಗ ಒಂದೇ ಸಲಕ್ಕೆ ಅದು ಆಗದ ಕೆಲಸ ಹೇಗಾಯಿತು?

ಮಧ್ಯಾಹ್ನ ಕೆಲಸ ಮುಗಿಸಿ ಅದೇ ದರ್ಶಿನಿಗೆ ಮತ್ತೆ ಹೋದೆ. ಮಾಲೀಕರು ಪರಿಚಯದವರೇ. ಕೂರಿಸಿ ಮಾತಾಡಿದರು. ಅವರು ಹೇಳಿದ ಕಾರಣಗಳನ್ನು ಇಲ್ಲಿ ಬರೆಯುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನೇ ಹೇಳುತ್ತಾರೆ.

ಒಂದು, ಕೊರೊನಾ ಆದಮೇಲೆ ಜನ ಇನ್ನೊಬ್ಬರು ಕುಡಿದ ಲೋಟ ಮುಟ್ಟಲು ಹೇಸುತ್ತಾರಂತೆ. ಹಾಗಾದರೆ ಅದೇ ಜನ ಅದೇ ಅಂಗಡಿಯಲ್ಲಿ ಇನ್ನೊಬ್ಬರು ತಿಂದ ಸ್ಟೀಲ್ ತಟ್ಟೆಯಲ್ಲಿ ಇಡ್ಲಿ ತಿನ್ನುತ್ತಾರಲ್ಲ? ಚಮಚ ಬಾಯಿಗೇ ಇಟ್ಟುಕೊಳ್ಳುತ್ತಾರಲ್ಲ? ಕುದಿಯುವ ನೀರಲ್ಲಿ ಅದ್ದಿ ತೆಗೆದ ಲೋಟಕ್ಕಿಂತ, ಯಾವ ಗೋದಾಮಿನಲ್ಲಿ ಎಷ್ಟು ದಿನ ಇತ್ತೋ ಗೊತ್ತಿಲ್ಲದ ಕಪ್ಪು ಹೇಗೆ ಶುದ್ಧ?

ಎರಡನೆಯದು ನೀರು. ಇದನ್ನು ನಾನು ಸುಲಭಕ್ಕೆ ತಳ್ಳಿಹಾಕುವುದಿಲ್ಲ. 2024ರ ಬೇಸಿಗೆ ಯಾರಿಗೆ ಮರೆತಿದೆ? ಬೋರ್‌ವೆಲ್ ಬತ್ತಿ, ಟ್ಯಾಂಕರ್ ಬೆಲೆ ಗಗನಕ್ಕೆ ಹೋಗಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂದಿತ್ತು. ಆಗ ಹೋಟೆಲಿನವರು ಪೇಪರ್ ತಟ್ಟೆ, ಪೇಪರ್ ಕಪ್ಪಿಗೆ ಹೋದರು ಅಂದರೆ ಅರ್ಥ ಆಗುತ್ತದೆ. ಆದರೆ ನಾನು ನಮ್ಮ ಅಡುಗೆ ಕೆಲಸದಲ್ಲಿ ಅಳೆದು ನೋಡಿದ್ದೇನೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಲೆಕ್ಕವೇ ಇಲ್ಲ. ಅಪ್ಪನ ಮೂರು ಹಂಡೆ ಕ್ರಮದಲ್ಲಿ ತೊಳೆದರೆ 200 ಲೋಟಕ್ಕೆ ನಾಲ್ಕು ಬಕೆಟ್ ನೀರು ಸಾಕು. ಲೋಟಕ್ಕೆ ಒಂದು ಗ್ಲಾಸ್ ನೀರು ಅಂದುಕೊಳ್ಳಿ. ಅದೇ ದರ್ಶಿನಿಯ ಮುಂದಿನ ಫುಟ್‌ಪಾತನ್ನು ದಿನಾ ರಾತ್ರಿ ಪೈಪ್ ಹಿಡಿದು ತೊಳೆಯುವುದನ್ನು ನಾನೇ ನೋಡಿದ್ದೇನೆ. ನೀರಿನ ಚಿಂತೆ ಇರುವವರು ಮೊದಲು ಆ ಪೈಪ್ ನಿಲ್ಲಿಸಬಹುದಲ್ಲ? ಮತ್ತೆ, ಕಾಗದ ಮಾಡಲು ನೀರು ಬೇಡವೇ? ಅದು ಬೇರೆ ಊರಿನ ನೀರು, ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಮೂರನೆಯದನ್ನು ಅವರು ದನಿ ತಗ್ಗಿಸಿ ಹೇಳಿದರು. ಲೋಟ ತೊಳೆಯಲು ಜನ ಸಿಗುತ್ತಿಲ್ಲ. ಇದೇ ನಿಜವಾದ ಕಾರಣ. ಉಳಿದೆರಡು ನೆಪ. ಜನ ಯಾಕೆ ಸಿಗುವುದಿಲ್ಲ? ಹೋಟೆಲಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳ, ಎಲ್ಲರಿಗಿಂತ ಜಾಸ್ತಿ ಬೈಗುಳ, ದಿನವಿಡೀ ಒದ್ದೆಯಲ್ಲಿ ನಿಲ್ಲುವ ಕೆಲಸ ಅದು. ಅಪ್ಪನ ಕಾಲಿನ ಬೆರಳ ಸಂದಿ ನೋಡಿದ್ದವನು ನಾನು. ಸಂಬಳ ಜಾಸ್ತಿ ಮಾಡಿ, ಗಂಬೂಟು ಕೊಡಿ, ಪಾತ್ರೆ ತೊಳೆಯುವ ಯಂತ್ರ ಹಾಕಿ. ಕಾಫಿಗೆ ಒಂದು ರೂಪಾಯಿ ಜಾಸ್ತಿ ಮಾಡಿ, ನಾನು ಕೊಡುತ್ತೇನೆ.

ಮೆಜೆಸ್ಟಿಕ್‌ನಲ್ಲಿ ಸೈಕಲ್ ಮೇಲೆ ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವವರಿಗೆ ನಾನು ಇದನ್ನು ಹೇಳುತ್ತಿಲ್ಲ. ಅವರಿಗೆ ನಲ್ಲಿಯೂ ಇಲ್ಲ, ನಿಲ್ಲಲು ಜಾಗವೂ ಇಲ್ಲ. ನಾನು ಹೇಳುತ್ತಿರುವುದು ನಲ್ಲಿ, ಸಿಂಕು, ಬಾಯ್ಲರ್ ಎಲ್ಲ ಇದ್ದೂ ಲೋಟ ತೆಗೆದುಹಾಕಿದವರಿಗೆ. ಈ ಒಂದು ಅಂಗಡಿಯಲ್ಲೇ ದಿನಕ್ಕೆ 600 ಕಾಫಿ ಹೋಗುತ್ತದೆ ಅಂತ ಅವರೇ ಹೇಳಿದರು. ವರ್ಷಕ್ಕೆ 2,19,000 ಕಪ್ಪು. ಎರಡೆರಡು ಕಪ್ಪು ಕೇಳುವವರನ್ನು ಬಿಟ್ಟು.

ಇನ್ನೊಂದು ವಿಷಯ ಹೇಳದೇ ಹೋದರೆ ಈ ಬರಹ ಸುಳ್ಳಾಗುತ್ತದೆ. ನನ್ನ ಕ್ಯಾಟರಿಂಗ್ ಶುರುವಾದ ಮೊದಲ ಐದು ವರ್ಷ ನಾನೂ ಇದೇ ಮಾಡಿದ್ದೇನೆ. ಬನಶಂಕರಿ ಕಡೆ ಒಂದು ಗೃಹಪ್ರವೇಶ, 250 ಎಲೆ ಊಟ. ನೀರಿಗೆ, ಪಾಯಸಕ್ಕೆ, ಮಜ್ಜಿಗೆಗೆ, ಕಾಫಿಗೆ ಎಲ್ಲಕ್ಕೂ ಬಿಸಾಡುವ ಲೋಟ. ಸಂಜೆ ಐದು ಮೂಟೆ ಕಸ ಆಯಿತು. ನಮ್ಮ ಹುಡುಗರು ಅದನ್ನು ಪಕ್ಕದ ಖಾಲಿ ಸೈಟಿಗೆ ಎಸೆದರು. ನಾನು ನೋಡಿದೆ. ಗಾಡಿಗೆ ಪಾತ್ರೆ ತುಂಬುತ್ತಾ ಸುಮ್ಮನಿದ್ದೆ. ಮಾರನೇ ದಿನ ಬಾಕಿ ದುಡ್ಡಿಗೆ ಹೋದಾಗ ಆ ಸೈಟಿನಿಂದ ಕಪ್ಪು ಹೊಗೆ ಏಳುತ್ತಿತ್ತು. ಯಾರೋ ಬೆಂಕಿ ಹಚ್ಚಿದ್ದರು. ಹೊಸ ಮನೆಯ ಅಜ್ಜಿ ಸೆರಗಲ್ಲಿ ಮೂಗು ಮುಚ್ಚಿಕೊಂಡು ಕಿಟಕಿ ಹಾಕುತ್ತಿದ್ದರು. ನಿನ್ನೆಯಷ್ಟೇ ಹಾಲು ಉಕ್ಕಿಸಿದ ಮನೆ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, "ಊಟ ಚೆನ್ನಾಗಿತ್ತಪ್ಪಾ" ಅಂತಲೇ ಹೇಳಿ ಕಳಿಸಿದರು. ಆ ಹೊಗೆಯ ವಾಸನೆ ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಅದಕ್ಕೂ ಮೊದಲು, ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ನಮ್ಮ ಊರಿನ ಕಸ ಬೇಡ ಅಂತ ರಸ್ತೆಗೆ ಇಳಿದಿದ್ದರು. 2014ರ ಕೊನೆಗೆ ಅಲ್ಲಿ ಸುರಿಯುವುದು ನಿಂತಿತು. ಮಾವಳ್ಳಿಪುರದಲ್ಲಿ ಅದಕ್ಕೂ ಮೊದಲೇ, 2012ರಲ್ಲಿ. ಆಗ ನಾನು ಪೇಪರ್ ಓದಿ "ಪಾಪ" ಅಂದು ಪುಟ ತಿರುಗಿಸಿದ್ದೆ. ನನ್ನ ಮೂಟೆಯೂ ಅಂಥ ಒಂದು ಊರಿಗೇ ಹೋಗುತ್ತಿತ್ತು ಅಂತ ಹೊಳೆದಿರಲಿಲ್ಲ.

ಗೃಹಪ್ರವೇಶ ಆಗಿ ಎರಡು ತಿಂಗಳಿಗೆ ಚಿಕ್ಕಪೇಟೆಗೆ ಹೋಗಿ ತೂಕದ ಲೆಕ್ಕದಲ್ಲಿ 300 ತಟ್ಟೆ, 400 ಲೋಟ ತಂದೆ. ಅರ್ಧ ಸಾಲ. ತೊಳೆಯಲು ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಿಕೊಂಡೆ, ಸಪ್ಲೈಯರ್‌ಗೆ ಎಷ್ಟೋ ಅವರಿಗೂ ಅಷ್ಟೇ ಸಂಬಳ. ಎಲೆ ಲೆಕ್ಕಕ್ಕೆ 8 ರೂಪಾಯಿ ಜಾಸ್ತಿ ಮಾಡಿದೆ. ಕೆಲವರು ಬೇರೆಯವರನ್ನು ಹಿಡಿದುಕೊಂಡರು, ಹೋಗಲಿ ಅಂದೆ. ಬಾಳೆ ಎಲೆ ಊಟವಾದರೆ ಈಗ ಉಳಿಯುವುದೆಲ್ಲ ಹಸಿಕಸ, ನೇರ ಗೊಬ್ಬರಕ್ಕೆ. ಸ್ವಂತಕ್ಕೆ ಕೊಳ್ಳಲು ಆಗದವರಿಗೂ ದಾರಿ ಇದೆ. ಅದಮ್ಯ ಚೇತನ ಅನ್ನುವ ಸಂಸ್ಥೆಯವರ ಪ್ಲೇಟ್ ಬ್ಯಾಂಕ್ ಇದೆ, ಕೆಲವು ಬಡಾವಣೆಗಳಲ್ಲಿ ನಿವಾಸಿಗಳೇ ಸೇರಿ ತಟ್ಟೆ ಲೋಟ ಕೂಡಿಟ್ಟಿದ್ದಾರೆ. ತಗೊಂಡು, ಬಳಸಿ, ತೊಳೆದು ವಾಪಸ್ ಕೊಡುವುದು ಅಷ್ಟೇ.

ಗಿರಾಕಿ ಬಾಯಿ ಬಿಟ್ಟರೆ ಹೋಟೆಲಿನವರು ಕೇಳುತ್ತಾರೆ, ಇದು ನನ್ನ ಅನುಭವ. 2025ರ ಫೆಬ್ರವರಿಯಲ್ಲಿ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಹಾಕುತ್ತಾರೆ ಅಂತ ಗಲಾಟೆ ಆಯಿತಲ್ಲ? ಆರೋಗ್ಯ ಇಲಾಖೆ ಬೇಡ ಅಂದಿತು, ಜನ ಅಡುಗೆಮನೆ ಬಾಗಿಲಿಗೇ ಹೋಗಿ ಕೇಳಲು ಶುರು ಮಾಡಿದರು. ನನಗೆ ಗೊತ್ತಿರುವ ಎಷ್ಟೋ ಕಡೆ ವಾರದೊಳಗೆ ಇಡ್ಲಿ ತಟ್ಟೆಗೆ ಬಟ್ಟೆ ಹಾಸುವ ಹಳೇ ಪದ್ಧತಿ ವಾಪಸ್ ಬಂತು. ಬಟ್ಟೆ ಒಗೆಯಲು ಜನ ಸಿಕ್ಕರು. ಲೋಟಕ್ಕೂ ಸಿಗುತ್ತಾರೆ.

ಮಾತು ಮುಗಿದಾಗ ಮಾಲೀಕರು, "ಕೇಳೋರು ಯಾರಿದ್ದಾರೆ ಹೇಳಿ, ನೀವೊಬ್ರು, ಆ ಅಜ್ಜ ಒಬ್ರು" ಎಂದರು. ನಾನು ಮನೆಗೆ ಬಂದು ನಮ್ಮ ಸ್ಟಾಕಿನಿಂದ ಎರಡು ಡಜನ್ ಲೋಟ ಎಣಿಸಿ ಚೀಲಕ್ಕೆ ಹಾಕಿಕೊಂಡು ಹೋಗಿ ಅವರ ಕೌಂಟರ್ ಮೇಲೆ ಇಟ್ಟೆ. "ಒಂದು ವಾರ ಇಟ್ಕೊಳ್ಳಿ. ಕೇಳಿದವರಿಗೆ ಮಾತ್ರ ಕೊಡಿ. ಯಾರೂ ಕೇಳದಿದ್ರೆ ಭಾನುವಾರ ಬಂದು ತಗೊಂಡು ಹೋಗ್ತೀನಿ" ಎಂದೆ. ಅವರು ಒಂದು ಲೋಟ ಎತ್ತಿ ತಿರುಗಿಸಿ ನೋಡಿದರು. ಎಲ್ಲದರ ತಳದಲ್ಲೂ ಅಪ್ಪನ ಹೆಸರಿನ ಮೊದಲಕ್ಷರ ಕೆತ್ತಿಸಿದ್ದೇನೆ. ಏನೂ ಹೇಳದೆ ಹುಡುಗನನ್ನು ಕರೆದು ಫಿಲ್ಟರ್ ಪಕ್ಕ ಬೋರಲು ಹಾಕಲು ಹೇಳಿದರು.

ಹನುಮಂತನಗರ, ಶ್ರೀನಗರ, ಗಿರಿನಗರದ ಕಡೆ ಇರುವ ಗೆಳೆಯರೇ, ಯಾವ ದರ್ಶಿನಿ ಅಂತ ಇಲ್ಲಿ ಬರೆಯುವುದಿಲ್ಲ, ಫೋನ್ ಮಾಡಿ, ಹೇಳುತ್ತೇನೆ. ಈ ವಾರ ಒಂದು ದಿನ ಅಲ್ಲಿಗೆ ಹೋಗಿ "ಲೋಟದಲ್ಲಿ ಕೊಡಿ" ಅಂತ ಕೇಳಿ. ಬೇರೆ ಏರಿಯಾದವರು ನಿಮ್ಮ ನಿಮ್ಮ ದರ್ಶಿನಿಯಲ್ಲಿ ಕೇಳಿ. ಆ ಅಜ್ಜ ನಾಳೆ ಆರೂವರೆಗೆ ಬರುತ್ತಾರೆ. ನಾನೂ ಅಷ್ಟೊತ್ತಿಗೆ ಅಲ್ಲಿರುತ್ತೇನೆ.