ರಬ್ಬರ್ ಗುಂಡಿ ತೆಗೆಯುವ ಮೊದಲೇ ಮಾಡಬೇಕಾದ ಲೆಕ್ಕ

ನರಸಿಂಹರಾಜಪುರ, ಕೊಪ್ಪ, ಬಾಳೆಹೊನ್ನೂರು ಕಡೆ ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು, ಟ್ಯಾಪಿಂಗ್ ಪಟ್ಟೆ (ಹಾಲಿಗಾಗಿ ಕೊಯ್ಯುವ ತೊಗಟೆ) ಮುಗಿದ ರಬ್ಬರ್ ಮರಗಳನ್ನು ಕಡಿಸುತ್ತಿರುವ ಸಣ್ಣ ಹಿಡುವಳಿದಾರರ ನಡುವೆ ಸಾಮಾನ್ಯವಾಗಿ ಎರಡೇ ದಾರಿಗಳ ಮಾತು ನಡೆಯುತ್ತದೆ. ಅದೇ ಜಾಗದಲ್ಲಿ ಅದೇ ಅಂತರದಲ್ಲಿ ಮತ್ತೆ ರಬ್ಬರ್ ಇಡುವುದು ಒಂದು. 2024-25ರಲ್ಲಿ ಕಾಫಿಗೆ ಬಂದ ಬೆಲೆಯನ್ನು ಕಂಡ ಮೇಲೆ ರಬ್ಬರಿನ ಸಹವಾಸವೇ ಬೇಡವೆಂದು ಇಡೀ ಜಾಗವನ್ನು ರೊಬಸ್ಟಾ ಕಾಫಿಗೆ ಬಿಟ್ಟುಕೊಡುವುದು ಇನ್ನೊಂದು. ಎರಡನ್ನೂ ಒಂದೇ ಜಾಗದಲ್ಲಿ ಬೆಳೆಯಬಹುದೆಂದು ಹೇಳಿದರೆ, ‘ರಬ್ಬರಿನ ಅಡಿಯಲ್ಲಿ ಹುಲ್ಲೂ ಹುಟ್ಟುವುದಿಲ್ಲ ಮಾರಾಯ್ರೇ’ ಎಂಬ ಉತ್ತರ ಬರುತ್ತದೆ. ಆ ಉತ್ತರ ಸುಳ್ಳಲ್ಲ. ಆದರೆ ಹುಲ್ಲು ಹುಟ್ಟದಿರುವುದು ರಬ್ಬರ್ ಮರದ ಗುಣಕ್ಕಿಂತ ಹೆಚ್ಚಾಗಿ ನಾವು ಅದನ್ನು ನೆಟ್ಟ ಅಂತರದ ಫಲ ಎಂಬುದು ನನ್ನ ಅಭಿಪ್ರಾಯ. ಮಿಶ್ರ ಬೇಸಾಯದ ತೀರ್ಮಾನವನ್ನು ರಬ್ಬರ್ ಬೆಲೆ ಬಿದ್ದಾಗ ಮಾಡಿದರೆ ಅದು ತಡವಾದ ತೀರ್ಮಾನ. ಗುಂಡಿಗೆ ಗೂಟ ಹೊಡೆಯುವ ಮೊದಲೇ ಅದು ಆಗಬೇಕು.

ಬೆಲೆಯ ವಿಷಯವನ್ನು ಬೇಗ ಮುಗಿಸಿಬಿಡುತ್ತೇನೆ, ಏಕೆಂದರೆ ಅದು ಎಲ್ಲರಿಗೂ ಗೊತ್ತಿರುವುದೇ. ಆರ್‌ಎಸ್‌ಎಸ್ 4 ದರ್ಜೆಯ ಶೀಟ್ (ಹಾಲನ್ನು ಹಾಳೆ ಮಾಡಿ ಹೊಗೆಯಲ್ಲಿ ಒಣಗಿಸಿದ ರಬ್ಬರ್) 2011ರ ಏಪ್ರಿಲ್‌ನಲ್ಲಿ ಕಿಲೋಗೆ 240 ರೂಪಾಯಿಯ ಆಸುಪಾಸಿನಲ್ಲಿತ್ತು. 2016ರ ಆರಂಭದಲ್ಲಿ ನೂರಕ್ಕಿಂತ ಕೆಳಗಿಳಿಯಿತು. ಮತ್ತೆ 240 ದಾಟುವುದಕ್ಕೆ 2024ರ ಆಗಸ್ಟ್ ಬರಬೇಕಾಯಿತು. 2011ರ ಬೆಲೆ ನೋಡಿ ಸಸಿ ನೆಟ್ಟವರು ಏಳೆಂಟು ವರ್ಷ ಕಾದು ಮೊದಲ ಟ್ಯಾಪಿಂಗ್ ಮಾಡುವ ಹೊತ್ತಿಗೆ ಟ್ಯಾಪರ್‌ನ ಕೂಲಿ ಕಳೆದು ಉಳಿಯುವುದು ಅಷ್ಟಕ್ಕಷ್ಟೇ ಎಂಬಂತಾಗಿತ್ತು. ಕೇರಳ ಸರ್ಕಾರ 2015ರಲ್ಲಿ ಕಿಲೋಗೆ 150 ರೂಪಾಯಿಯ ಬೆಂಬಲ ಬೆಲೆ ಗೊತ್ತುಮಾಡಿ ವ್ಯತ್ಯಾಸದ ಹಣವನ್ನು ತನ್ನ ಬೆಳೆಗಾರರಿಗೆ ಕೊಡತೊಡಗಿತು. ಗಡಿಯ ಈಚೆಗಿದ್ದ ನಮಗೆ ಅದು ಅನ್ವಯಿಸಲಿಲ್ಲ. ನೂರಾರು ಎಕರೆಯ ಎಸ್ಟೇಟು ಇಂಥ ಏರಿಳಿತವನ್ನು ಹೇಗೋ ದಾಟುತ್ತದೆ. ಎರಡು ಎಕರೆಯವನು ಅದೇ ವರ್ಷ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿರುತ್ತದೆ.

ನಮ್ಮಲ್ಲಿ ಈಗಾಗಲೇ ಮಿಶ್ರ ಬೆಳೆ ನಡೆಯುತ್ತಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಅವರು ತೋರಿಸುವುದು ಎಳೆ ರಬ್ಬರಿನ ನಡುವೆ ಹಾಕುವ ಅನಾನಸ್ ಮತ್ತು ಶುಂಠಿಯನ್ನು. ಕೇರಳದ ವಾಳಕುಳಂ ಸುತ್ತಮುತ್ತ ಹೊಸದಾಗಿ ನೆಟ್ಟ ರಬ್ಬರ್ ಜಾಗವನ್ನು ಮೂರ್ನಾಲ್ಕು ವರ್ಷಕ್ಕೆ ಗುತ್ತಿಗೆ ಹಿಡಿದು ಅನಾನಸ್ ಬೆಳೆಯುವುದು ದೊಡ್ಡ ಉದ್ಯಮವೇ ಆಗಿದೆ. ಆ ಪದ್ಧತಿ ನಮ್ಮಲ್ಲಿಗೂ ಬಂದಿದೆ. ಗುತ್ತಿಗೆಯ ಹಣದಲ್ಲಿ ರಬ್ಬರ್ ಸಸಿಯ ಖರ್ಚು ಹೊರಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಗುತ್ತಿಗೆದಾರನ ಲೆಕ್ಕ ಮೂರು ವರ್ಷದ್ದು, ನಮ್ಮದು ಮೂವತ್ತು ವರ್ಷದ್ದು. ಶುಂಠಿಗಾಗಿ ಇಳಿಜಾರಿನ ಮಣ್ಣನ್ನು ಅಗೆದು ಏರಿ ಮಾಡಿ, ಕೀಳುವಾಗ ಮತ್ತೊಮ್ಮೆ ಬುಡಮೇಲು ಮಾಡಿದರೆ, ಮಲೆನಾಡಿನ ಮಳೆಗೆ ಆ ಮಣ್ಣು ಹಳ್ಳ ಸೇರುವುದನ್ನು ಯಾರೂ ತಡೆಯಲಾರರು. ನಾಲ್ಕೈದನೆಯ ವರ್ಷಕ್ಕೆ ಕೊಂಬೆಗಳು ಕೂಡಿ ನೆರಳು ಮುಚ್ಚಿಕೊಂಡ ಮೇಲೆ ಉಳಿಯುವುದು ಬರೀ ರಬ್ಬರ್. ಇದನ್ನು ಮಿಶ್ರ ತೋಟ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ರಬ್ಬರ್ ದೊಡ್ಡದಾಗುವವರೆಗೆ ಜಾಗವನ್ನು ಬಾಡಿಗೆಗೆ ಕೊಟ್ಟಂತೆ, ಅಷ್ಟೆ.

ನಿಜವಾದ ತೊಡಕು ಇರುವುದು ಬೆಳಕಿನಲ್ಲಿ, ಮತ್ತು ಅದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಕಾಫಿ ನಾಡಿನ ನಮಗಿಂತ ಯೋಗ್ಯರು ಬೇರೆ ಯಾರೂ ಇಲ್ಲ. ಕಾಫಿ ತೋಟದಲ್ಲಿ ಮಳೆಗಾಲ ಹಿಡಿಯುವ ಮುನ್ನ ಮರಗಸಿ ಮಾಡಿಸುತ್ತೇವೆ. ಹಾಲುವಾಣದ ಕೊಂಬೆ ಇಳಿಸಿ, ಸಿಲ್ವರ್ ಓಕ್‌ನ ರೆಕ್ಕೆ (ಅಡ್ಡಗೊಂಬೆ) ಸವರಿ, ಅತ್ತಿ ನಂದಿಗಳ ಒಳಗೊಂಬೆ ತೆಗೆದು, ಮೋಡ ಕವಿದ ನಾಲ್ಕು ತಿಂಗಳಲ್ಲಿ ಗಿಡಕ್ಕೆ ಬೇಕಾದಷ್ಟು ಬೆಳಕನ್ನು ಇಳಿಸುತ್ತೇವೆ. ಬೇಸಿಗೆಯ ಹೊತ್ತಿಗೆ ಚಿಗುರು ಬಂದು ನೆರಳು ತಾನೇ ಕೂಡಿಕೊಳ್ಳುತ್ತದೆ. ರಬ್ಬರಿನಲ್ಲಿ ಈ ವಿದ್ಯೆ ನಡೆಯುವುದಿಲ್ಲ, ಏಕೆಂದರೆ ಹಾಲು ತಯಾರಾಗುವುದು ಎಲೆಯ ದುಡಿಮೆಯಿಂದ. ಕೊಂಬೆ ಕಡಿದವನು ತನ್ನ ಶೀಟಿನ ತೂಕವನ್ನೇ ಕಡಿದುಕೊಳ್ಳುತ್ತಾನೆ. ರಬ್ಬರ್ ಎಲೆ ಉದುರಿಸಿ ಬೆತ್ತಲಾಗುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಒಳಗೆ, ಅಂದರೆ ಕಾಫಿ ಕೊಯ್ಲು ನಡೆಯುವಾಗ. ಕಾಫಿ ಹೂ ಅರಳಿಸುವ ಹೂಮಳೆ ಬರುವಷ್ಟರಲ್ಲಿ ಹೊಸ ಎಲೆ ಬಂದಿರುತ್ತದೆ, ಅದು ಅನುಕೂಲವೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಕಾಫಿಗೆ ಬೆಳಕು ಬೇಕೇ ಬೇಕೆನ್ನುವ ಕಾಲದಲ್ಲಿ, ರಬ್ಬರ್ ತನ್ನ ಪೂರ್ತಿ ಕೊಡೆಯನ್ನು ಬಿಚ್ಚಿಕೊಂಡು ನಿಂತಿರುತ್ತದೆ.

ಹಳೆಯ ಅಂತರದ ರಬ್ಬರಿನೊಳಗೆ ಆಸೆಗೆ ನೆಟ್ಟ ರೊಬಸ್ಟಾ ಗಿಡವೊಂದನ್ನು ಹತ್ತಿರ ಹೋಗಿ ನೋಡಿದರೆ ಇದೆಲ್ಲ ಕಣ್ಣಿಗೇ ಕಾಣುತ್ತದೆ. ರೆಕ್ಕೆಯ ಗಣ್ಣಿನಿಂದ ಗಣ್ಣಿಗೆ ಒಂದು ಗೇಣಿನ ಅಂತರ. ಎಲೆ ಅಗಲವಾಗಿ, ತೆಳ್ಳಗೆ, ಕಡುಹಸಿರಾಗಿ ಕೆಳಕ್ಕೆ ಜೋತುಬಿದ್ದಿರುತ್ತದೆ. ಕಾಯಿ ಎಂಬುದು ರೆಕ್ಕೆಯ ತುದಿಯ ಒಂದೆರಡು ಗಣ್ಣುಗಳಲ್ಲಿ ಮಾತ್ರ. ಬುಡದ ದರಗನ್ನು ಸರಿಸಿ ಗುದ್ದಲಿಯಿಂದ ನಾಲ್ಕು ಬೆರಳು ಕೆದಕಿದರೆ ಸಿಗುವುದು ಕಾಫಿಯ ಬೇರಲ್ಲ, ಚಾಪೆ ಹೆಣೆದಂತೆ ಹಬ್ಬಿರುವ ರಬ್ಬರಿನ ಹೀರುಬೇರು. ಗೊಬ್ಬರ ಹಾಕಿದರೆ ಅದು ಯಾರ ಪಾಲಾಗುತ್ತದೆಂದು ಕೇಳಬೇಕಾಗಿಲ್ಲ.

ಆದ್ದರಿಂದ ಬೆಳಕನ್ನು ಕತ್ತಿಯಿಂದ ತರಲಾಗದಿದ್ದರೆ ಸಾಲಿನ ಅಂತರದಿಂದಲೇ ತರಬೇಕು. ನಾವು ರೂಢಿಯಲ್ಲಿ ಅನುಸರಿಸುವ 22 ಅಡಿ x 11 ಅಡಿ ಅಂತರದಲ್ಲಿ ಎಕರೆಗೆ 180 ಗಿಡ ಕೂರುತ್ತವೆ. ಇದರ ಬದಲು ಹತ್ತು ಅಡಿ ಅಂತರದಲ್ಲಿ ಎರಡು ಸಾಲನ್ನು ಜೋಡಿಯಾಗಿ ಹಾಕಿ, ಸಾಲಿನೊಳಗೂ ಹತ್ತು ಅಡಿ ಬಿಟ್ಟು, ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವೆ 40 ಅಡಿಯ ಓಣಿ ಬಿಟ್ಟರೆ ಎಕರೆಗೆ 174 ಗಿಡ ಕೂರುತ್ತವೆ. ಕಳೆದುಕೊಂಡದ್ದು ಆರು ಗಿಡ. ಆ ಓಣಿಯಲ್ಲಿ ರಬ್ಬರಿನಿಂದ ಎರಡೂ ಕಡೆ ಹತ್ತು ಹತ್ತು ಅಡಿ ದೂರ ಬಿಟ್ಟು ಮೂರು ಸಾಲು ರೊಬಸ್ಟಾವನ್ನು ಹತ್ತಡಿಗೊಂದರಂತೆ ಇಟ್ಟರೆ ಎಕರೆಗೆ 260 ಗಿಡ ಹಿಡಿಯುತ್ತದೆ. ಬರೀ ರೊಬಸ್ಟಾ ತೋಟದಲ್ಲಿ ಇದೇ ಅಂತರಕ್ಕೆ ಕೂರುವುದು 435. ಅಂದರೆ ರಬ್ಬರಿನ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಉಳಿದು, ಅರ್ಧಕ್ಕಿಂತ ಹೆಚ್ಚು ಕಾಫಿ ಅದೇ ಎಕರೆಯಲ್ಲಿ ಬರುತ್ತದೆ. ಇದು ಕಾಗದದ ಲೆಕ್ಕ, ಇಳುವರಿಯ ಲೆಕ್ಕವಲ್ಲ. ಜೋಡಿ ಸಾಲಿನ ಮರಗಳು ಒಂದನ್ನೊಂದು ಒತ್ತುವುದರಿಂದ ಬುಡ ದಪ್ಪವಾಗುವುದು ತುಸು ನಿಧಾನವಾಗುತ್ತದೆ, ಮತ್ತು ಬೆಳಕು ಹುಡುಕಿಕೊಂಡು ಓಣಿಯ ಕಡೆ ವಾಲುವ ಮರ ಗಾಳಿಗೆ ಮುರಿಯುವ ಭಯವೂ ಇದೆ. ಸಾಲನ್ನು ಪೂರ್ವ ಪಶ್ಚಿಮವಾಗಿ ಎಳೆದರೆ ಬೆಳಗ್ಗೆ ಸಂಜೆಯ ಬಿಸಿಲು ಓಣಿಯ ಉದ್ದಕ್ಕೂ ಸಾಗುತ್ತದೆ. ಕೊಂಬೆ ಹರಡದೆ ನೆಟ್ಟಗೆ ಬೆಳೆಯುವ ತಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಇದೇನೂ ಹೊಸ ಕಲ್ಪನೆಯಲ್ಲ. ಚೀನಾದ ಹೈನಾನ್ ದ್ವೀಪದಲ್ಲಿ ಎರಡು ಮೀಟರಿಗೊಂದು ಗಿಡ, ನಾಲ್ಕು ಮೀಟರ್ ಅಂತರದ ಜೋಡಿ ಸಾಲು, ನಡುವೆ ಇಪ್ಪತ್ತು ಮೀಟರ್ ಓಣಿ ಎಂಬ ಕ್ರಮದಲ್ಲಿ ರಬ್ಬರಿನ ಆಯುಸ್ಸಿನ ಉದ್ದಕ್ಕೂ ಬೇರೆ ಬೆಳೆ ತೆಗೆಯುವ ಪ್ರಯೋಗ ನಡೆದಿದೆ. ದಕ್ಷಿಣ ಥಾಯ್ಲೆಂಡಿನ ಸಣ್ಣ ರೈತರು ರಬ್ಬರಿನ ನಡುವೆ ಹಣ್ಣಿನ ಮರ, ಸಲಾಕ್ ತಾಳೆ, ಅಡುಗೆಗೆ ಬಳಸುವ ಸೊಪ್ಪಿನ ಗಿಡಗಳನ್ನು ಇಟ್ಟುಕೊಂಡಿದ್ದಾರೆ. ಇಂಡೊನೇಷ್ಯಾದ ಸುಮಾತ್ರಾದಲ್ಲಂತೂ ಗುಡ್ಡದ ಭತ್ತದೊಂದಿಗೆ ರಬ್ಬರ್ ಬೀಜದ ಸಸಿ ನೆಟ್ಟು, ಮೇಲೆದ್ದ ಕಾಡನ್ನು ಹಾಗೆಯೇ ಬಿಟ್ಟು, ಕಾಡಿನೊಳಗೇ ಹಾಲು ತೆಗೆಯುವ ಪದ್ಧತಿ ತಲೆಮಾರುಗಳಿಂದ ಇದೆ. ಅಲ್ಲಿನ ಹಾಲಿನ ಇಳುವರಿ ಕಸಿ ತೋಟಗಳಿಗಿಂತ ಬಹಳ ಕಡಿಮೆ ಎಂಬುದನ್ನೂ ಹೇಳಬೇಕು. ‘ಕಾಡಿನಂತೆ ಬೆಳೆಸಿ, ಎಲ್ಲ ಸರಿಹೋಗುತ್ತದೆ’ ಎಂದು ವೇದಿಕೆಯಿಂದ ಉಪದೇಶಿಸುವವರು ಈ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ. ರಬ್ಬರ್ ತನ್ನ ತವರಾದ ಅಮೆಜಾನ್ ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿ ಬೆಳೆಯುವ ಮರ. ಅಲ್ಲಿಯೇ ಅದನ್ನು ಸಾಲುಗಟ್ಟಿ ನೆಡಲು ಹೊರಟ ಹೆನ್ರಿ ಫೋರ್ಡ್ ಕಂಪನಿಯ ತೋಟಗಳು 1930ರ ದಶಕದಲ್ಲಿ ಎಲೆರೋಗಕ್ಕೆ ಬಲಿಯಾದವು. ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ದಕ್ಷಿಣ ಕನ್ನಡದಲ್ಲಿ 1990ರ ದಶಕದ ಕೊನೆಗೆ ಕೊರಿನೆಸ್ಪೊರಾ ಎಲೆರೋಗ ಹಬ್ಬಿದಾಗ ಹೆಚ್ಚು ಪೆಟ್ಟು ತಿಂದದ್ದು ಎಲ್ಲರೂ ನಂಬಿ ನೆಟ್ಟಿದ್ದ ಆರ್‌ಆರ್‌ಐಐ 105 ತಳಿಯೇ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಬೆರೆಸುವುದೂ ಜಾಣತನವಲ್ಲ. ಅಡಿಕೆಯ ವಿಷಯದಲ್ಲಿ ನನ್ನ ತಕರಾರಿದೆ. ಮಳೆಗಾಲದಲ್ಲಿ ರಬ್ಬರಿನ ಎಲೆ ಉದುರಿಸುವ ಫೈಟಾಫ್ಥೊರಾ ಎಂಬ ರೋಗಾಣು ಮತ್ತು ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವ ಫೈಟಾಫ್ಥೊರಾ ಒಂದೇ ಕುಲದವು; ಮುಖ್ಯವಾದ ಒಂದು ಪ್ರಭೇದ ಎರಡಕ್ಕೂ ಸಮಾನ. ಬೆಲೆ ಬಿದ್ದ ವರ್ಷ ರಬ್ಬರಿಗೆ ತಾಮ್ರದ ಔಷಧಿ ಹೊಡೆಯುವುದನ್ನು ಬಿಟ್ಟುಬಿಡುವ ನಮ್ಮವರು ಪಕ್ಕದ ಅಡಿಕೆಗೆ ಮಾತ್ರ ಬೋರ್ಡೊ (ತಾಮ್ರ-ಸುಣ್ಣದ ದ್ರಾವಣ) ಹೊಡೆದು ಕೊಳೆ ಹೋಗಲಿಲ್ಲವೆಂದು ಗೊಣಗುವುದುಂಟು. ಹಳದಿ ಎಲೆ, ಎಲೆಚುಕ್ಕಿ ರೋಗಗಳಿಂದ ಮೊದಲೇ ಸೋತಿರುವ ಅಡಿಕೆಯನ್ನು ರಬ್ಬರಿನ ಓಣಿಗೆ ತರುವುದು ನನಗೆ ಸರಿಕಾಣುವುದಿಲ್ಲ. ಕಾಳುಮೆಣಸಿನ ಸೊರಗು ರೋಗವೂ ಇದೇ ಕುಲದ ರೋಗಾಣುವಿನ ಕೆಲಸ. ಆದರೂ ಮೆಣಸನ್ನು ನಾನು ಬಿಡಲಾರೆ, ಏಕೆಂದರೆ ಸಣ್ಣ ಜಾಗದಲ್ಲಿ ಅಷ್ಟು ದುಡ್ಡು ಕೊಡುವ ಬೆಳೆ ಇನ್ನೊಂದಿಲ್ಲ. ಬಸಿಗಾಲುವೆ ಚೆನ್ನಾಗಿರಬೇಕು, ಮಳೆಗೆ ಮುಂಚೆ ಬುಡಕ್ಕೆ ಔಷಧಿ ಆಗಿರಬೇಕು. ಟ್ಯಾಪಿಂಗ್ ನಡೆಯುವ ರಬ್ಬರ್ ಮರಕ್ಕೆ ಬಳ್ಳಿ ಹಬ್ಬಿಸುವಂತಿಲ್ಲವಾದ್ದರಿಂದ ಓಣಿಯ ನಡುವೆ ಹಾಲುವಾಣವನ್ನೋ ಸಿಲ್ವರ್ ಓಕನ್ನೋ ಪ್ರತ್ಯೇಕವಾಗಿ ನೆಡಬೇಕು. ಪಣಿಯೂರು 1 ಎಂಬ ಮೆಣಸಿನ ತಳಿಗೆ ದಟ್ಟ ನೆರಳು ಆಗದು ಎಂಬುದು ನೆನಪಿರಲಿ.

ಜಮೀನಿನ ಅಂಚಿಗೆ ಉಪ್ಪಗೆ (ಒಣಸಿಪ್ಪೆಯನ್ನು ಹುಳಿಗೆ ಬಳಸುವ ಹಣ್ಣಿನ ಮರ), ದಾಲ್ಚಿನ್ನಿ, ಹೆಬ್ಬಲಸು ಒಪ್ಪುತ್ತವೆ. ಉಪ್ಪಗೆ ಹಣ್ಣಾಗುವುದು ನಡು ಮಳೆಗಾಲದಲ್ಲಿ, ಒಣಗಿಸುವುದೇ ದೊಡ್ಡ ಕೆಲಸ. ಅದಕ್ಕೆಂದು ರಬ್ಬರ್ ಶೀಟಿನ ಹೊಗೆಮನೆಯನ್ನು ಬಳಸಲು ಹೋಗಬೇಡಿ, ಆ ವಾಸನೆ ಹಿಡಿದ ಸಿಪ್ಪೆಯನ್ನು ಯಾರೂ ಕೊಳ್ಳುವುದಿಲ್ಲ. ಮೂಡಿಗೆರೆ ಸಕಲೇಶಪುರದ ಕಡೆಯವರು ಹಲಸು, ಬಾಳೆಗಳನ್ನು ಇದರೊಳಗೆ ತರುವ ಮುನ್ನ ಆನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಮ್ಮ ಕಡೆ ಮಂಗನ ಕಾಟವೇ ಸಾಕು. ರಬ್ಬರಿನ ಹಾಲನ್ನು ಅವು ಮುಟ್ಟುವುದಿಲ್ಲ ಎಂಬ ಒಂದೇ ಕಾರಣಕ್ಕೆ ರಬ್ಬರ್ ಇಟ್ಟವರನ್ನೂ ನಾನು ಬಲ್ಲೆ, ಮತ್ತು ಆ ಕಾರಣವನ್ನು ಹಗುರವಾಗಿ ಕಾಣುವುದಿಲ್ಲ.

ಕೂಲಿಯಾಳಿನ ಪ್ರಶ್ನೆಗೆ ಒಂದು ಮಾತು. ದಿನಬಿಟ್ಟು ದಿನ ಟ್ಯಾಪಿಂಗ್ ಮಾಡುತ್ತ ಕಾಫಿ, ಮೆಣಸು ನೋಡಿಕೊಳ್ಳುವುದು ಒಂದು ಕುಟುಂಬದಿಂದ ಆಗದ ಕೆಲಸ. ಹಾಲು ಹೆಚ್ಚು ಹರಿಯುವಂತೆ ಮಾಡುವ ಎಥೆಫಾನ್ ಲೇಪಿಸಿ ವಾರಕ್ಕೊಮ್ಮೆ ಮಾತ್ರ ಟ್ಯಾಪಿಂಗ್ ಮಾಡುವ ಕ್ರಮವನ್ನು ರಬ್ಬರ್ ಮಂಡಳಿ ಹೇಳಿಕೊಡುತ್ತಿದೆ. ಮಿಶ್ರ ತೋಟ ಬಯಸುವವರಿಗೆ ಇದು ಹೇಳಿ ಮಾಡಿಸಿದ್ದು. ಪಟ್ಟೆ ನಿಧಾನವಾಗಿ ಸವೆದು ಮರದ ಆಯುಸ್ಸೂ ಹೆಚ್ಚುತ್ತದೆ.

ಸರ್ಕಾರದ ಮೇಲೆ ನನ್ನ ದೂರು ಬೇರೆಯೇ ಇದೆ. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ಸಿಲ್ವರ್ ಓಕ್, ರಬ್ಬರ್ ಕಡಿಯಲು ಅನುಮತಿಯ ಗೋಜಿಲ್ಲ. ತಾನೇ ನೆಟ್ಟ ನಂದಿ, ಹೊನ್ನೆಗೆ ಅರ್ಜಿ ಹಿಡಿದು ಅಲೆಯಬೇಕು. ಹೀಗಿರುವಾಗ ಓಣಿಯಲ್ಲಿ ಕಾಡುಜಾತಿಯ ಗಿಡ ತಾನಾಗಿ ಹುಟ್ಟಿದರೂ ಸಣ್ಣ ರೈತ ಅದನ್ನು ಎಳೆಯದಾಗಿರುವಾಗಲೇ ಕಿತ್ತು ಹಾಕುತ್ತಾನೆ. ನೆಟ್ಟ ವರ್ಷವೇ ಪಹಣಿಯಲ್ಲಿ ದಾಖಲಿಸಿ, ಕಡಿಯುವ ಹಕ್ಕನ್ನು ಆಗಲೇ ಖಾತ್ರಿಪಡಿಸಿದರೆ ಈ ಭಯ ಹೋಗುತ್ತದೆ.

ಕಡಿದಾದ ಇಳಿಜಾರಿನಲ್ಲಿ ಈ ಜೋಡಿ ಸಾಲು ನಡೆಯುವುದಿಲ್ಲ. ಅಲ್ಲಿ ಸಮಪಾತಳಿಯ ಮಟ್ಟಕ್ಕೆ ತಕ್ಕಂತೆ ಸಾಲು ಬಾಗಲೇಬೇಕು, ಓಣಿ ಒಮ್ಮೆ ಅಗಲ ಒಮ್ಮೆ ಕಿರಿದಾಗುತ್ತದೆ, ಪೂರ್ವ ಪಶ್ಚಿಮದ ನಿಯಮವನ್ನು ಮರೆಯಬೇಕಾಗುತ್ತದೆ. ಅಂಥ ಜಾಗದಲ್ಲಿ ನಾನು ಎರಡು ಸಾಲು ರಬ್ಬರಿಗೆ ಒಂದು ಸಾಲನ್ನು ಪೂರ್ತಿ ಬಿಟ್ಟು, ಮಣ್ಣು ಹಿಡಿಯಲು ಮೊದಲ ವರ್ಷಗಳಲ್ಲಿ ಮುಕುನಾ ಬಳ್ಳಿ ಹಬ್ಬಿಸಿ, ಆಮೇಲೆ ಬಿಟ್ಟ ಸಾಲಿನಲ್ಲಿ ಮೆಣಸಿನ ಆಸರೆ ಮರಗಳನ್ನು ಮಾತ್ರ ಇಡುವುದನ್ನು ಮೇಲೆನ್ನುತ್ತೇನೆ. ಆ ಬಳ್ಳಿ ಎಳೆ ಗಿಡಗಳ ಮೇಲೆ ಹತ್ತಿ ಬಾಗಿಸುವಷ್ಟು ಜೋರಿನದು, ಆದ್ದರಿಂದ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಬುಡದಿಂದ ಎಳೆದು ಸಾಲಿನ ನಡುವಿಗೆ ತಿರುಗಿಸುವ ಆಳು ಇದ್ದರೆ ಮಾತ್ರ ಅದಕ್ಕೆ ಕೈಹಾಕಬೇಕು.