ಶಾಂತಕ್ಕೆ ತಲುಪದ ಕಚೇರಿ

ನಿನ್ನೆ ರಾತ್ರಿ ಕಚೇರಿ ಕೇಳಿ ಬಂದವಳಿಗೆ ಬೆಳಗಿನ ಜಾವದವರೆಗೂ ನಿದ್ದೆ ಹತ್ತಲಿಲ್ಲ. ಲಂಡನ್ನಿನ ನಮ್ಮ ಮನೆಯ ಹತ್ತಿರದ ಸಭಾಂಗಣದಲ್ಲಿ ಈ ಚಳಿಗಾಲವಿಡೀ ಹೊಸ ಕಾಲದ ಪಿಯಾನೋ ಸಂಗೀತಕ್ಕೇ ಮೀಸಲಾದ ಕಚೇರಿ ಸರಣಿಯೊಂದು ನಡೆಯುತ್ತಿರುವುದೂ, ಅದರ ಆರೂ ಸಂಜೆಗಳಿಗೆ ನಾನು ಸೆಪ್ಟೆಂಬರಿನಲ್ಲೇ ಟಿಕೆಟ್ ಕೊಂಡು ದಿನ ಎಣಿಸುತ್ತಿದ್ದುದೂ ಇಲ್ಲಿನ ಗೆಳೆಯರಿಗೆ ಗೊತ್ತಿರುವ ಸಂಗತಿಯೇ. ನಿನ್ನೆ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ 1946ರಿಂದ 1948ರವರೆಗೆ ಕೂತು ಬರೆದ ‘ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್’ ಇತ್ತು. 16 ಸೊನಾಟಾ ಎಂಬ ಪುಟ್ಟ ರಚನೆಗಳು, ಅವುಗಳ ನಡುವೆ ಬರುವ 4 ಇಂಟರ್‌ಲ್ಯೂಡ್ ಸೇರಿ ಸುಮಾರು 70 ನಿಮಿಷ ಹಿಡಿಯುವ ಆ ಕೃತಿಯಿಂದ 6 ಸೊನಾಟಾಗಳನ್ನಷ್ಟೇ ಹೆಕ್ಕಿ ನುಡಿಸಿ, ವಿರಾಮ ಕೊಟ್ಟು, ಆಮೇಲೆ ಉಳಿದ ಹೊತ್ತಿಗೆಲ್ಲ ಹತ್ತೊಂಬತ್ತನೆಯ ಶತಮಾನದ ಶೋಪಾನ್ ರಚನೆಗಳನ್ನು ನುಡಿಸಿದರು. ಶೋಪಾನ್ ಮೇಲೆ ನನಗೆ ಯಾವ ಕೋಪವೂ ಇಲ್ಲ. ಆತನನ್ನು ಕೇಳಲು ಈ ಊರಿನಲ್ಲಿ ವರ್ಷವಿಡೀ ಅವಕಾಶವಿದೆ. ಕೇಜ್‌ನನ್ನು ಇಡಿಯಾಗಿ ಕೇಳಲು ನಾನು ಎಷ್ಟು ವರ್ಷ ಕಾದಿದ್ದೆನೆಂಬುದು ನನಗೆ ಗೊತ್ತು.

ಈ ಕೃತಿಗೆ ಪಿಯಾನೋವನ್ನು ಅಣಿಗೊಳಿಸುವುದೇ ಒಂದು ವ್ರತ. 45 ಸ್ವರಗಳ ತಂತಿಗಳ ನಡುವೆ ತಿರುಪುಮೊಳೆ, ಬೋಲ್ಟು, ನಟ್ಟು, ರಬ್ಬರು, ಪ್ಲಾಸ್ಟಿಕ್ಕಿನ ಚೂರುಗಳನ್ನು ಸಿಕ್ಕಿಸಬೇಕು. ಯಾವ ವಸ್ತು, ಯಾವ ತಂತಿಗಳ ನಡುವೆ, ತಂತಿಯ ನಾದ ತಡೆಯುವ ಡ್ಯಾಂಪರಿನಿಂದ ಎಷ್ಟು ಅಂಗುಲ ದೂರದಲ್ಲಿ ಎಂಬುದಕ್ಕೆಲ್ಲ ಕೇಜ್ ಕೋಷ್ಟಕವನ್ನೇ ಬರೆದಿಟ್ಟಿದ್ದಾನೆ. ಎರಡು ಮೂರು ಗಂಟೆಗಳ ಕೆಲಸ. ಅಷ್ಟಾದ ಮೇಲೆ ಒಂದು ಕೀಲಿ ಒತ್ತಿದರೆ ಘಟದ ಕಂಠಕ್ಕೆ ಬೆರಳು ತಾಗಿದ ಸದ್ದು, ಪಕ್ಕದ್ದು ಒತ್ತಿದರೆ ಗೆಜ್ಜೆ, ಇನ್ನೊಂದು ಒತ್ತಿದರೆ ಜಲತರಂಗದ ಬಟ್ಟಲು. ನಡುವೆ ಎಲ್ಲೋ ಏನೂ ಸಿಕ್ಕಿಸದ ತಂತಿಯೊಂದು ಶುದ್ಧ ಪಿಯಾನೋ ಆಗಿ ನುಡಿದಾಗ ಮೈ ಜುಮ್ಮೆನ್ನುತ್ತದೆ.

ಇದನ್ನು ತುಂಡು ಮಾಡಬಾರದು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 1946ರಲ್ಲಿ ಅಹಮದಾಬಾದಿನ ಸಂಗೀತಗಾರ್ತಿ ಗೀತಾ ಸಾರಾಭಾಯಿ ನ್ಯೂಯಾರ್ಕಿಗೆ ಹೋಗಿ ಕೇಜ್‌ನಿಂದ ಪಾಶ್ಚಾತ್ಯ ಸಂಗೀತ ಕಲಿತರು, ಬದಲಿಗೆ ಆತನಿಗೆ ನಮ್ಮ ಸಂಗೀತವನ್ನೂ ಅದರ ಹಿಂದಿನ ವಿಚಾರವನ್ನೂ ಹೇಳಿಕೊಟ್ಟರು. ಊರಿಗೆ ಮರಳುವಾಗ ಶ್ರೀರಾಮಕೃಷ್ಣರ ವಚನಾಮೃತವನ್ನು ಕೈಗಿಟ್ಟು ಬಂದರು. ಕಲಾಚಿಂತಕ ಆನಂದ ಕುಮಾರಸ್ವಾಮಿಯವರ ಬರಹಗಳಿಂದ ಕೇಜ್‌ಗೆ ನಮ್ಮ ರಸಸಿದ್ಧಾಂತ ದಕ್ಕಿತು. ಶೃಂಗಾರ, ಹಾಸ್ಯ, ವೀರ, ಅದ್ಭುತಗಳೂ ಕರುಣ, ರೌದ್ರ, ಭಯಾನಕ, ಬೀಭತ್ಸಗಳೂ ಕೊನೆಗೆ ಶಾಂತದ ಕಡೆಗೆ ಹರಿಯುತ್ತವೆ ಎಂಬ ಮಾತನ್ನು ನುಡಿಸಿ ತೋರಿಸಲೆಂದೇ ಆತ ಈ ಕೃತಿಯನ್ನು ಕಟ್ಟಿದ. ಯಾವ ಸೊನಾಟಾ ಯಾವ ರಸವೆಂದು ಆತ ಹೇಳಿಲ್ಲ. ಆದರೆ 16ನೆಯದಕ್ಕೆ ಬರುವ ಹೊತ್ತಿಗೆ ಸ್ವರಗಳು ತೊಟ್ಟಿಲು ತೂಗಿದ ಹಾಗೆ ಹೋಗಿ ಬಂದು ಮಾಡುವುದನ್ನು ಧ್ವನಿಮುದ್ರಿಕೆಯಲ್ಲಿ ಕೇಳಿದವರಿಗೂ ಅದು ಎಲ್ಲಿಗೆ ಬಂದು ನಿಂತಿದೆಯೆಂದು ತಿಳಿಯುತ್ತದೆ. ನಿನ್ನೆ ನಾವು ಅಲ್ಲಿಗೆ ಹೋಗಲೇ ಇಲ್ಲ. ಶಾಂತಕ್ಕೆ ಮುಂಚೆಯೇ ನಮ್ಮನ್ನು ಕಾಫಿಗೆ ಎಬ್ಬಿಸಿದರು.

ಒಂದೊಂದು ಸೊನಾಟಾ ಕೆಲವೇ ನಿಮಿಷಗಳದ್ದು, ತನ್ನಷ್ಟಕ್ಕೆ ಪೂರ್ಣವಾದದ್ದು, ಹೊಸಬರಿಗೆ ರುಚಿ ಹತ್ತಲು ಆರು ಸಾಕು ಎಂದು ವಿರಾಮದಲ್ಲಿ ಸಂಘಟಕರೊಬ್ಬರು ನನಗೆ ಸಮಾಧಾನ ಹೇಳಿದರು. ರಾಗಮಾಲಿಕೆಯಲ್ಲಿಯೂ ಒಂದೊಂದು ರಾಗ ತನ್ನಷ್ಟಕ್ಕೆ ಪೂರ್ಣವೇ. ಹಾಗೆಂದು ಎರಡು ರಾಗ ಹಾಡಿ ಮಾಲಿಕೆ ಮುಗಿಯಿತು ಎನ್ನುತ್ತೇವೆಯೇ? ಜನ ಎದ್ದು ಹೋಗುತ್ತಾರೆಂಬ ಭಯ ಎಂದೂ ಅವರು ಹೇಳಿದರು. ಟಿಕೆಟ್ ಕೊಳ್ಳುವಾಗಲೇ ಏನು ನುಡಿಸುತ್ತಾರೆಂದು ಓದಿಕೊಂಡು ಬಂದವರು ನಾವು. ನಿನ್ನೆ ಮೊದಲರ್ಧದಲ್ಲಿ ನಾನು ಕಂಡಂತೆ ಒಬ್ಬರೂ ಎದ್ದಿರಲಿಲ್ಲ. ನನ್ನ ಮುಂದಿನ ಸಾಲಿನ ಹುಡುಗನೊಬ್ಬ ಕಣ್ಣು ಮಿಟುಕಿಸದೆ ಪಿಯಾನೋದ ಒಳಗನ್ನೇ ನೋಡುತ್ತಿದ್ದ. ಕೇಳುಗರ ತಾಳ್ಮೆಯ ಅಳತೆಯನ್ನು ಕೇಳುಗರನ್ನು ಕೇಳದೆಯೇ ನಿಶ್ಚಯಿಸುವ ಹಕ್ಕನ್ನು ಇವರಿಗೆ ಕೊಟ್ಟವರು ಯಾರು?

ಇಷ್ಟು ಸಿಟ್ಟಿನಿಂದ ಬರೆಯುವಾಗ ನನ್ನದೊಂದು ಹಳೆಯ ತಪ್ಪನ್ನು ಮುಚ್ಚಿಡಲಾರೆ. ಮೈಸೂರಿನಲ್ಲಿ ಸಂಗೀತ ಸಭೆಯೊಂದರ ಕಾರ್ಯದರ್ಶಿಯಾಗಿದ್ದ ದಿನಗಳಲ್ಲಿ, ಹಿರಿಯ ವೈಣಿಕರೊಬ್ಬರು ಪಲ್ಲವಿಗೆ ಮುಂಚೆ ಬರುವ ತಾನಕ್ಕೆ ತೊಡಗಿದ್ದಾಗ, ಹಿಂದಿನ ಸಾಲುಗಳು ಖಾಲಿಯಾಗುತ್ತಿರುವುದನ್ನು ಕಂಡು ಗಾಬರಿಯಾಗಿ, ‘ಪಲ್ಲವಿ ಬೇಡ, ದೇವರನಾಮ ನುಡಿಸಿ’ ಎಂದು ಚೀಟಿ ಬರೆದು ವೇದಿಕೆಗೆ ಕಳುಹಿಸಿದವಳು ನಾನೇ. ಅವರು ಚೀಟಿ ಓದಿದರು, ಮಡಿಸಿ ವೀಣೆಯ ಕೆಳಗಿಟ್ಟರು, ತಾನವನ್ನು ಅಲ್ಲಿಗೇ ನಿಲ್ಲಿಸಿದರು. ಕೊನೆಯಲ್ಲಿ ಹಾರ ಹಾಕಲು ಹೋದಾಗ ನನ್ನ ಮುಖ ನೋಡಲಿಲ್ಲ. ಹಿಂದಿನ ಸಾಲಿನವರನ್ನು ಹಿಡಿದಿಡಲು ಹೋಗಿ, ಮುಂದೆ ಕಣ್ಣು ಮುಚ್ಚಿ ಕೂತಿದ್ದವರ ಪಲ್ಲವಿಯನ್ನು ನಾನು ಕಿತ್ತುಕೊಂಡಿದ್ದೆ. ನಿನ್ನೆ ಅವರ ಜಾಗದಲ್ಲಿ ನಾನು ಕೂತಿದ್ದೆ.

ಕಚೇರಿ ಮುಗಿದ ಮೇಲೆ ವೇದಿಕೆಯ ಬದಿಗೆ ಹೋಗಿ ನಿಂತೆ. ಬದಿಗೆ ಸರಿಸಿದ್ದ ಪಿಯಾನೋದ ಮೇಲೆ ಬಾಗಿ ತಂತ್ರಜ್ಞೆಯೊಬ್ಬಳು ಮೊಳೆಗಳನ್ನು ಒಂದೊಂದಾಗಿ ಬಿಡಿಸಿ, ಸಂಖ್ಯೆ ಬರೆದ ಪುಟ್ಟ ಡಬ್ಬಿಗಳಿಗೆ ಹಾಕುತ್ತಿದ್ದಳು. ಎಲ್ಲ 45 ಸ್ವರಗಳನ್ನೂ ಅಣಿಗೊಳಿಸಿದ್ದಿರಾ ಎಂದು ಕೇಳಿದೆ. ಹೌದು, ಮಧ್ಯಾಹ್ನವೇ, ಎಂದಳು. ಇಡೀ ಕೃತಿಗೆ ಸಿದ್ಧವಾಗಿದ್ದ ವಾದ್ಯ ಅದು.

ಸರಣಿಯ ಕೊನೆಯ ಸಂಜೆಗೆ ಫ್ರಾನ್ಸಿನ ರಚನಕಾರ ಮೆಸ್ಸಿಯಾನ್ 1944ರಲ್ಲಿ ಬರೆದ, 20 ಭಾಗಗಳ, ಎರಡು ಗಂಟೆಯ ಪಿಯಾನೋ ಕೃತಿಯನ್ನು ಇಟ್ಟಿದ್ದಾರೆ. ಅದರ ಐದನೆಯ ಭಾಗದಲ್ಲಿ ಶಾರ್ಙ್ಗದೇವನ ಹಳೆಯ ಸಂಗೀತಶಾಸ್ತ್ರ ಗ್ರಂಥ ‘ಸಂಗೀತರತ್ನಾಕರ’ದಿಂದ ಎತ್ತಿಕೊಂಡ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ಎಂಬ ದೇಶೀತಾಳಗಳಿವೆ, ಅದಕ್ಕಾಗಿಯೇ ನಾನು ಮೊದಲು ಆ ಸಂಜೆಯ ಟಿಕೆಟ್ ಕೊಂಡದ್ದು. 20 ಭಾಗಗಳನ್ನೂ ನುಡಿಸುತ್ತೀರಾ ಎಂದು ಇವತ್ತು ಬೆಳಿಗ್ಗೆ ಸಂಘಟಕರಿಗೆ ಪತ್ರ ಬರೆದಿದ್ದೇನೆ. ಉತ್ತರ ಬಂದರೆ ಇಲ್ಲಿಯೇ ತಿಳಿಸುತ್ತೇನೆ.